ಪೇಪರ್ ಕಪ್ ಗೊಬ್ಬರದ ಗುಂಡಿಗೆ ಬೇಡ

ಗೃಹಪ್ರವೇಶಕ್ಕೆ ಪ್ಲಾಸ್ಟಿಕ್ ಲೋಟದ ಬದಲು ಪೇಪರ್ ಕಪ್ ತರುತ್ತಿದ್ದೇವೆ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಸಾಧ್ಯವಾದರೆ ತರಲೂ ಬೇಡಿ.

ಬರೀ ಪೇಪರ್ ಆಗಿದ್ದರೆ ಬಿಸಿ ಕಾಫಿಗೆ ಮೆತ್ತಗಾಗಿ ಸೋರಬೇಕಿತ್ತು, ಅಲ್ವಾ? ಸೋರದಿರಲಿ ಎಂದು ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಹಚ್ಚಿರುತ್ತಾರೆ, ಸಾಮಾನ್ಯವಾಗಿ ಪಾಲಿಎಥಿಲೀನ್. ಒಂದು ಕಪ್ ಹರಿದು ರಾತ್ರಿ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಬೆರಳಲ್ಲಿ ಉಜ್ಜಿದರೆ ಪೇಪರ್ ಮುದ್ದೆಯಾಗಿ ಬಿಟ್ಟುಕೊಳ್ಳುತ್ತದೆ. ಕೈಯಲ್ಲಿ ಉಳಿಯುವುದು ಹಾಲಿನ ಕೆನೆಯಂಥ ತೆಳು ಹಾಳೆ. ಗುಂಡಿಯಲ್ಲೂ ಇದೇ ಕಥೆ. ಪೇಪರ್ ಕೊಳೆಯುತ್ತದೆ, ಆ ಹಾಳೆ ಚೂರುಚೂರಾಗಿ ನಿಮ್ಮ ಗಿಡದ ಮಣ್ಣು ಸೇರುತ್ತದೆ.

ಕುಡಿಯುವಾಗಲೂ ತೊಂದರೆ ಇದೆ. ಖರಗ್‌ಪುರದ ಐಐಟಿಯವರು 2020ರಲ್ಲಿ ಇಂಥ ಕಪ್‌ಗಳಿಗೆ 85ರಿಂದ 90 ಡಿಗ್ರಿ ಬಿಸಿಯ 100 ಮಿ.ಲೀ. ನೀರು ಹಾಕಿ 15 ನಿಮಿಷ ಬಿಟ್ಟು ನೋಡಿದ್ದರು. ಸುಮಾರು 25,000 ಮೈಕ್ರೋಪ್ಲಾಸ್ಟಿಕ್ ಕಣಗಳು, ಅಂದರೆ ಪ್ಲಾಸ್ಟಿಕ್‌ನ ತೀರಾ ಸಣ್ಣ ಚೂರುಗಳು, ನೀರಿಗೆ ಬಂದಿದ್ದವು. ಮಾತಾಡುತ್ತಾ ನಿಧಾನವಾಗಿ ಕಾಫಿ ಕುಡಿಯಲು ನಮಗೂ ಅಷ್ಟೇ ಹೊತ್ತು ಬೇಕು. ಚಿಕ್ಕ ಮಕ್ಕಳಿಗೆ ಬಿಸಿ ಹಾಲನ್ನು ಇದರಲ್ಲಿ ಕೊಡಲೇಬೇಡಿ.

ಸ್ಟೀಲ್ ಲೋಟ ಶಾಮಿಯಾನದವರ ಹತ್ತಿರ ಬಾಡಿಗೆಗೆ ಸಿಗುತ್ತದೆ. ಬೆಂಗಳೂರಿನಲ್ಲಿದ್ದರೆ ಅದಮ್ಯ ಚೇತನ ಎಂಬ ಸಂಸ್ಥೆಯ ಪ್ಲೇಟ್ ಬ್ಯಾಂಕ್‌ನಲ್ಲಿ ವಿಚಾರಿಸಿ, ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಕೊಡುತ್ತಾರೆ. ತೊಳೆಯಲು ಒಬ್ಬರು ಜಾಸ್ತಿ ಬೇಕಾಗುತ್ತಾರೆ, ಅದನ್ನು ಅಡುಗೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಹಾಗೇ, ಬಾಳೆಎಲೆಯ ಥರ ಕಾಣುವ ಹಸಿರು ಪೇಪರ್ ಎಲೆ ತರುವ ಯೋಚನೆ ಇದ್ದರೆ ಅದನ್ನೂ ಒಮ್ಮೆ ನೆನೆಸಿ ನೋಡಿ. ಎಷ್ಟೋ ಎಲೆಗಳ ಮೇಲೆ ಇದೇ ಪದರ ಇರುತ್ತದೆ.