ಬ್ಲಾಕ್‌ಚೈನ್‌ನಲ್ಲಿರುವ ಮಾಹಿತಿಯೆಲ್ಲ ನಿಜವೇ?

ಸರಕು ತಯಾರಾದ ಜಾಗದಿಂದ ಅಂಗಡಿ ಸೇರುವವರೆಗಿನ ಮಾಹಿತಿಯನ್ನೆಲ್ಲ ಬ್ಲಾಕ್‌ಚೈನ್‌ಗೆ, ಅಂದರೆ ಹಲವರು ಒಂದೊಂದು ನಕಲು ಇಟ್ಟುಕೊಳ್ಳುವ ಡಿಜಿಟಲ್ ದಾಖಲೆ ಪುಸ್ತಕಕ್ಕೆ, ಹಾಕಿಬಿಟ್ಟರೆ ಕೊಳ್ಳುವವರು ಕಣ್ಣುಮುಚ್ಚಿ ನಂಬಬಹುದೇ ಎಂದು ಕೇಳಿದ್ದೀರಿ. ಕಣ್ಣುಮುಚ್ಚಿಯಂತೂ ಬೇಡ. ಇಂಥದ್ದೊಂದು ವ್ಯವಸ್ಥೆ ಕಟ್ಟಿದ ತಂಡದಲ್ಲಿ ನಾನೂ ಇದ್ದೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ನಮ್ಮಲ್ಲಿ ಪ್ರತಿ ಪೆಟ್ಟಿಗೆಗೂ ಒಂದು ಕ್ಯೂಆರ್ ಸ್ಟಿಕ್ಕರ್. ಪೆಟ್ಟಿಗೆ ಗೋದಾಮಿಗೆ ಬಂದಮೇಲೆ ಒಡೆದಿದೆಯಾ, ನೆನೆದಿದೆಯಾ ಎಂದು ನೋಡಿ, ಸ್ಟಿಕ್ಕರ್ ಅಂಟಿಸಿ, ಆಮೇಲೆ ಸ್ಕ್ಯಾನ್ ಮಾಡಬೇಕು. ಒಂದು ದಿನ ಸುಮ್ಮನೆ ಹೋಗಿ ನಿಂತು ನೋಡಿದೆ. ಲಾರಿ ಇನ್ನೂ ರಿವರ್ಸ್ ಬರುತ್ತಿತ್ತು. ಇತ್ತ ಹುಡುಗನೊಬ್ಬ ಮೇಜಿನ ಮೇಲೆ ಸ್ಟಿಕ್ಕರ್ ಸುರುಳಿ ಹರಡಿಕೊಂಡು ಟಕಟಕ ಸ್ಕ್ಯಾನ್ ಮಾಡುತ್ತಿದ್ದ. 40 ಪೆಟ್ಟಿಗೆ, ‘ಪರಿಶೀಲಿಸಿ ಸ್ವೀಕರಿಸಲಾಗಿದೆ’. ಒಂದೂ ಕೆಳಗಿಳಿದಿರಲಿಲ್ಲ! ಅವನನ್ನು ದೂರಿ ಫಲವಿಲ್ಲ. ಲಾರಿ ತಡವಾದರೆ ಬೈಸಿಕೊಳ್ಳುವವನು ಅವನೇ. ಆದರೆ ನಮ್ಮ ಚೈನ್ ಆ 40 ಸುಳ್ಳುಗಳನ್ನೂ ಜೋಪಾನವಾಗಿ ಎತ್ತಿಟ್ಟುಕೊಂಡಿತು. ಶಾಸನದಲ್ಲಿ ಕೆತ್ತಿಸಿದ ಮಾತ್ರಕ್ಕೆ ಸುಳ್ಳು ನಿಜವಾಗುತ್ತದೆಯೇ?

ಹಾಗಾದರೆ ಇದರಿಂದ ಏನು ಉಪಯೋಗ? ದಾಖಲೆಗಳ ಒಂದೊಂದು ಕಂತೆಯೂ ಒಂದು ಬ್ಲಾಕ್. ಪ್ರತಿ ಬ್ಲಾಕಿನಲ್ಲೂ ಹಿಂದಿನ ಬ್ಲಾಕಿನ ಹ್ಯಾಶ್ ಇರುತ್ತದೆ. ಹ್ಯಾಶ್ ಅಂದರೆ ಮಾಹಿತಿಯ ಬೆರಳಚ್ಚು ಎನ್ನಿ. ಹಳೆಯ ದಾಖಲೆಯಲ್ಲಿ ಒಂದು ಅಂಕಿ ತಿದ್ದಿದರೂ ಅಲ್ಲಿಂದ ಮುಂದಿನ ಎಲ್ಲ ಬೆರಳಚ್ಚುಗಳೂ ತಾಳೆ ತಪ್ಪುತ್ತವೆ. ಇದರ ಒಂದೊಂದು ನಕಲು ತಯಾರಕರ ಬಳಿ, ಸಾಗಣೆದಾರರ ಬಳಿ, ಮಾರಾಟಗಾರರ ಬಳಿ ಬೇರೆಬೇರೆಯಾಗಿ ಇರುವುದರಿಂದ ಒಬ್ಬರೇ ಗುಟ್ಟಾಗಿ ತಿದ್ದಲು ಆಗುವುದಿಲ್ಲ. ನಮ್ಮಲ್ಲಿ ಮುಂದೆ ನೆನೆದ ಸರಕಿನ ಜಗಳ ಬಂತು. ‘ನಾವು ಒಂದೊಂದನ್ನೂ ನೋಡಿಯೇ ಇಳಿಸಿಕೊಂಡೆವು’ ಎಂದು ಗೋದಾಮಿನವರು ವಾದಿಸಿದರು. ಚೈನ್‌ನಲ್ಲಿ ನೋಡಿದರೆ 40 ಸ್ಕ್ಯಾನ್‌ಗಳೂ ಒಂದೇ ನಿಮಿಷದೊಳಗೆ ಆಗಿದ್ದವು, ಅವರದೇ ಡಿಜಿಟಲ್ ಸಹಿಯೊಂದಿಗೆ. ಮಾತು ಅಲ್ಲಿಗೇ ನಿಂತಿತು. ಬ್ಲಾಕ್‌ಚೈನ್ ಯಾರ ಬಾಯಲ್ಲೂ ನಿಜ ಹೇಳಿಸುವುದಿಲ್ಲ. ಹೇಳಿದ್ದನ್ನು ಆಮೇಲೆ ‘ನಾನು ಹೇಳೇ ಇಲ್ಲ’ ಎನ್ನಲು ಬಿಡುವುದಿಲ್ಲ, ಅಷ್ಟೇ.

ಅಮೆರಿಕದ ಅಂಗಡಿ ಸರಣಿ ವಾಲ್‌ಮಾರ್ಟ್‌ನ ಮಾವಿನಹಣ್ಣಿನ ಕಥೆಯನ್ನು ನೀವೂ ಓದಿರುತ್ತೀರಿ. ಹೆಚ್ಚಿಕೊಟ್ಟ ಮಾವಿನ ಒಂದು ಪೊಟ್ಟಣದ ಮೂಲ ಹುಡುಕಲು ಸುಮಾರು 7 ದಿನ ಹಿಡಿದಿತ್ತು, ಐಬಿಎಂ ಜೊತೆ ಕಟ್ಟಿದ ವ್ಯವಸ್ಥೆಯಲ್ಲಿ ಅದು 2.2 ಸೆಕೆಂಡಿಗೆ ಇಳಿಯಿತು. ನನ್ನ ಲೆಕ್ಕದಲ್ಲಿ ಇದರ ಬಹುಪಾಲು ಶ್ರೇಯಸ್ಸು ಬ್ಲಾಕ್‌ಚೈನ್‌ಗಲ್ಲ. ಅಲ್ಲೊಂದು ಕಾಗದ, ಇಲ್ಲೊಂದು ಎಕ್ಸೆಲ್ ಎಂದು ಚದುರಿದ್ದ ಮಾಹಿತಿ ಒಂದೇ ನಮೂನೆಯಲ್ಲಿ ಒಂದೆಡೆ ಸೇರಿದ್ದಕ್ಕೆ. ಹಾಗೆ ಎಲ್ಲರನ್ನೂ ಒಂದೆಡೆ ಸೇರಿಸುವುದೇ ನಿಜವಾದ ಕಷ್ಟ. ಹಡಗು ಸಾಗಣೆಗೆಂದು ಹಡಗು ಕಂಪನಿ ಮೆರ್ಸ್ಕ್ ಮತ್ತು ಐಬಿಎಂ 2018ರಲ್ಲಿ ತಂದ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ಮುಚ್ಚುವುದಾಗಿ 2022ರ ನವೆಂಬರ್‌ನಲ್ಲಿ ಘೋಷಿಸಿದರು. ಇಡೀ ಉದ್ಯಮದ ಪೂರ್ಣ ಸಹಕಾರ ಸಿಗಲಿಲ್ಲ ಎಂದು ಅವರೇ ಹೇಳಿಕೊಂಡರು. ಪ್ರತಿಸ್ಪರ್ಧಿ ಕಟ್ಟಿಸಿದ ಮನೆಯಲ್ಲಿ ತಮ್ಮ ಲೆಕ್ಕದ ಪುಸ್ತಕ ಇಡಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ.

ಇನ್ನೊಂದು ಮಾತು. ನಿಮ್ಮ ಪೂರೈಕೆ ಸರಪಳಿಯಲ್ಲಿ ಮಾಹಿತಿ ಬರೆಯುವವರು ನೀವೊಬ್ಬರೇ ಆಗಿದ್ದರೆ ಬ್ಲಾಕ್‌ಚೈನ್ ಬೇಕಿಲ್ಲ. ಮಾಮೂಲಿ ಡೇಟಾಬೇಸ್ ಇಟ್ಟುಕೊಂಡು, ದಿನಕ್ಕೊಮ್ಮೆ ಅದರ ಹ್ಯಾಶ್ ಅನ್ನು ಎಲ್ಲರಿಗೂ ಕಾಣುವ ಕಡೆ ಪ್ರಕಟಿಸಿದರೆ ಸಾಕು. ಇದೇನೂ ಹೊಸದಲ್ಲ. ದಾಖಲೆಗಳಿಗೆ ಹೀಗೆ ಕಾಲಮುದ್ರೆ ಒತ್ತುವ ವಿಧಾನವನ್ನು ಹೇಬರ್ ಮತ್ತು ಸ್ಟೋರ್ನೆಟ್ಟಾ ಎಂಬಿಬ್ಬರು ಸಂಶೋಧಕರು 1991ರಲ್ಲೇ ಬರೆದಿದ್ದರು. ಮುಂದೆ ಅಂಥ ಹ್ಯಾಶ್‌ಗಳು ನ್ಯೂಯಾರ್ಕ್ ಟೈಮ್ಸ್‌ನ ಜಾಹೀರಾತು ಅಂಕಣದಲ್ಲೂ ಅಚ್ಚಾದವು.

ಒಬ್ಬರನ್ನೊಬ್ಬರು ಪೂರ್ತಿ ನಂಬದ ನಾಲ್ಕೈದು ಸಂಸ್ಥೆಗಳು ಬರೆಯುವುದಾದರೆ ಬ್ಲಾಕ್‌ಚೈನ್ ಹಾಕಿಸಿ. ಆದರೆ ದುಡ್ಡನ್ನೆಲ್ಲ ಸಾಫ್ಟ್‌ವೇರಿಗೇ ಸುರಿಯಬೇಡಿ. ಕಿತ್ತರೆ ಹರಿದುಹೋಗುವ ಸೀಲ್, ಕೈಯಿಂದ ತುಂಬಬೇಕಿಲ್ಲದ ತಾಪಮಾನ ಸೆನ್ಸರ್, ಹೇಳದೆ ಕೇಳದೆ ಬಂದು ತಪಾಸಣೆ ಮಾಡುವ ಹೊರಗಿನವರು, ಇವಕ್ಕೂ ಎತ್ತಿಡಿ. ಸ್ಟಿಕ್ಕರ್ ಸುರುಳಿಯನ್ನು ಮೇಜಿನ ಮೇಲೆ ಬಿಡಬೇಡಿ. ನಾವು ಕೊನೆಗೆ ಪ್ರಿಂಟರನ್ನೇ ಲಾರಿ ಬಾಗಿಲ ಬಳಿಗೆ ಒಯ್ದು, ತೂಕದ ಯಂತ್ರದ ಮೇಲೆ ಪೆಟ್ಟಿಗೆ ಇಟ್ಟರಷ್ಟೇ ಒಂದು ಸ್ಟಿಕ್ಕರ್ ಹೊರಬರುವ ಹಾಗೆ ಮಾಡಿದೆವು.