ಬಾಡಿಗೆ ಸ್ಕೂಟರ್ ಬರಲಿ, ಬಸ್ಸಿಗೆ ಜನ ತರಲಿ

ಪೆರ್ಲದ ನಿವೃತ್ತ ಮಾಷ್ಟ್ರೊಬ್ಬರು ಬರೆದಿದ್ದಾರೆ: "ಬೆಂಗಳೂರಿನ ಮೆಟ್ರೋ ಸ್ಟೇಷನ್ ಎದುರು ಯುಲು ಅನ್ನೋ ಬಾಡಿಗೆ ಬ್ಯಾಟರಿ ಸ್ಕೂಟರ್‌ಗಳ ಸಾಲು ನೋಡಿದೆ. ಮಕ್ಕಳು ಮೊಬೈಲಲ್ಲಿ ಸ್ಕ್ಯಾನ್ ಮಾಡಿ ತಗೊಂಡು ಹೋಗ್ತಾರೆ. ಕಾಸರಗೋಡಿಗೂ ಬೇಕಲ್ವಾ? ಬಂದರೆ ನಮ್ಮ ಬಸ್ಸುಗಳಿಗೆ ಪೆಟ್ಟಾಗುತ್ತದಾ?"

ಮಾಷ್ಟ್ರೇ, ಖಂಡಿತ ಬೇಕು. ಆದರೆ ಯಾವ ದಾರಿಗೆ ಅನ್ನೋದನ್ನು ಮೊದಲು ನೋಡಬೇಕು.

ನಮ್ಮ ಕಾಸರಗೋಡಲ್ಲಿ ರೈಲ್ವೇ ಸ್ಟೇಷನ್ ಒಂದು ಕಡೆ, ಬಸ್‌ಸ್ಟ್ಯಾಂಡ್ ಇನ್ನೊಂದು ಕಡೆ. ಮಂಗಳೂರಿಂದ ರೈಲಲ್ಲಿ ಬಂದಿಳಿದವರು ಬದಿಯಡ್ಕದ ಬಸ್ ಹಿಡಿಯಲು ಬ್ಯಾಗ್ ಹೊತ್ತು ನಡೀಬೇಕು, ಇಲ್ಲಾ ರಿಕ್ಷಾ ಹತ್ತಬೇಕು. ಈ ತುಂಡು ದಾರಿಗೆ ಸ್ಕೂಟರ್ ಇಟ್ಟರೆ ಬಸ್ಸಿಗೆ ಜನ ಜಾಸ್ತಿಯಾಗುತ್ತಾರೆ. ಬಸ್ಸು ಓಡುವ ದಾರಿಯಲ್ಲೇ ಇಟ್ಟರೆ ಎರಡು ಸ್ಟಾಪ್ ಹೋಗುವವರು ಬಸ್ ಬಿಡುತ್ತಾರೆ. ಕಲೆಕ್ಷನ್ ಇಲ್ಲ ಅಂತ ಒಂದು ಟ್ರಿಪ್ ನಿಂತರೆ, ಕನ್ಸೆಷನ್ನಿನ ಶಾಲಾ ಮಕ್ಕಳು, ಸ್ಕೂಟರ್ ಓಡಿಸಲಾಗದ ಅಜ್ಜಿಯಂದಿರು ಯಾವುದರಲ್ಲಿ ಹೋಗಬೇಕು? ಸ್ಕೂಟರ್ ಹತ್ತುವವರೆಲ್ಲ ಕಾರು ಬಿಟ್ಟು ಬಂದವರೂ ಅಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡಲ್ಲಿ 2018ರಲ್ಲಿ ಬಾಡಿಗೆ ಸ್ಕೂಟರ್ ಸವಾರರನ್ನು ಕೇಳಿದರು. ಸ್ಕೂಟರ್ ಇಲ್ಲದಿದ್ದರೆ ಕಾರಲ್ಲೋ ಟ್ಯಾಕ್ಸಿಯಲ್ಲೋ ಹೋಗುತ್ತಿದ್ದೆವು ಅಂದವರು ಶೇ. 34. ನಡೆದೇ ಹೋಗುತ್ತಿದ್ದೆವು ಅಂದವರು ಶೇ. 37!

ಇನ್ನು ಸುರಕ್ಷತೆ. ನನಗೆ ಹೆಚ್ಚು ಭಯ ಇರೋದು ಇಲ್ಲೇ. 25 ಕಿಲೋಮೀಟರ್ ವೇಗ ದಾಟದ, 250 ವ್ಯಾಟ್‌ಗಿಂತ ಕಡಿಮೆ ಮೋಟಾರಿನ ಬ್ಯಾಟರಿ ಗಾಡಿಗೆ ನಮ್ಮಲ್ಲಿ ಲೈಸೆನ್ಸೂ ಬೇಡ, ರಿಜಿಸ್ಟ್ರೇಷನ್ನೂ ಬೇಡ. ಅಮೆರಿಕದ ಆಸ್ಟಿನ್‌ನಲ್ಲಿ 2018ರಲ್ಲಿ, ನಿಂತು ಓಡಿಸುವ ಸ್ಕೂಟರಿಂದ ಬಿದ್ದ ಸುಮಾರು 190 ಸವಾರರ ಲೆಕ್ಕ ತೆಗೆದರು. ಮೂವರಲ್ಲಿ ಒಬ್ಬರು ಮೊದಲ ಸವಾರಿಯಲ್ಲೇ ಬಿದ್ದವರು. ಹೆಚ್ಚುಕಡಿಮೆ ಅರ್ಧ ಜನರಿಗೆ ತಲೆಗೆ ಪೆಟ್ಟು. ಹೆಲ್ಮೆಟ್ ಇದ್ದದ್ದು ಒಬ್ಬರಿಗೆ ಮಾತ್ರ.

ಓಡಿಸದವರಿಗೂ ಕಷ್ಟ ಇದೆ. ಬೆಂಗಳೂರಿನ ಒಂದು ಫುಟ್‌ಪಾತಲ್ಲಿ ನಾನೇ ನೋಡಿದ್ದು: ಬಾಡಿಗೆ ಸ್ಕೂಟರೊಂದು ಅಡ್ಡ ಬಿದ್ದಿತ್ತು. ಕಣ್ಣು ಕಾಣದ ಒಬ್ಬರ ಬಿಳಿ ಕೋಲು ಅದರ ಚಕ್ರಕ್ಕೆ ಟಕ್ ಅಂತ ತಾಗಿತು. ಅವರು ಕೋಲನ್ನು ಎಡಕ್ಕಾಡಿಸಿದರು, ಬಲಕ್ಕಾಡಿಸಿದರು, ಕೊನೆಗೆ ವಾಹನಗಳು ಓಡುವ ರಸ್ತೆಗೇ ಇಳಿದರು. ಓಡಿ ಹೋಗಿ ಕೈ ಹಿಡಿದೆ. ಪ್ಯಾರಿಸ್ಸಿನಲ್ಲಿ 2023ರ ಏಪ್ರಿಲಲ್ಲಿ, ನಿಂತು ಓಡಿಸುವ ಬಾಡಿಗೆ ಸ್ಕೂಟರ್ ಬೇಕಾ ಬೇಡವಾ ಅಂತ ಮತ ಹಾಕಿಸಿದಾಗ ಬಂದವರು ನೂರಕ್ಕೆ ಎಂಟೂ ಇಲ್ಲ. ಆದರೂ ಬಂದವರಲ್ಲಿ ಶೇ. 89 ಜನ ಬೇಡ ಅಂದರು. ಆ ವರ್ಷದ ಆಗಸ್ಟ್ ಮುಗಿಯುವಾಗ ಅವು ರಸ್ತೆಯಿಂದ ಹೋದವು.

ನಮಗೆ ಹಾಗಾಗುವುದು ಬೇಡ. ಮೈಸೂರಿನಲ್ಲಿ 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್‌ಗಳಿಗೆ ಗೊತ್ತಾದ ಸ್ಟ್ಯಾಂಡ್ ಇಟ್ಟರು, ಅಲ್ಲೇ ತಂದು ನಿಲ್ಲಿಸಬೇಕಿತ್ತು. ಇಲ್ಲೂ ಆ ಕ್ರಮವೇ ಬರಲಿ. ಮೊದಲು ರೈಲ್ವೇ ಸ್ಟೇಷನಿಂದ ಬಸ್‌ಸ್ಟ್ಯಾಂಡಿಗೆ ಮಾತ್ರ. ಹೆದ್ದಾರಿ 66ರ ಸರ್ವೀಸ್ ರೋಡಿಗೆ ಈಗಲೇ ಬೇಡ ಮಾಷ್ಟ್ರೇ. ಮಳೆ ಸುರಿಯುವ ಸಂಜೆ ಅಲ್ಲಿ ಬಸ್ಸು, ಲಾರಿಗಳ ನಡುವೆ ಸೈಕಲ್ ತುಳಿಯುವ ಮಕ್ಕಳನ್ನು ನೋಡಿದರೇ ನನ್ನ ಎದೆ ಹೊಡೆದುಕೊಳ್ಳುತ್ತದೆ.