ಗಡಿ ಇಲ್ಲ ಅಂದಮೇಲೆ ಪಾಸ್‌ಪೋರ್ಟ್ ಯಾಕೆ ಕೇಳಿದರು?

ಪ್ರಶ್ನೆ: ನಮ್ಮ ಮಗ ಬರ್ಲಿನ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ರಜೆಯಲ್ಲಿ ಗೆಳೆಯರ ಜೊತೆ ಬಸ್ಸಿನಲ್ಲಿ ಪೋಲೆಂಡ್‌ಗೆ ಹೋಗಿದ್ದ. ಹೋಗುವಾಗಲೂ ಬರುವಾಗಲೂ ಬಸ್ ನಿಲ್ಲಿಸಿ ಪಾಸ್‌ಪೋರ್ಟ್ ನೋಡಿದರಂತೆ. ಷೆಂಗೆನ್ ದೇಶಗಳ ನಡುವೆ ತಪಾಸಣೆ ಇಲ್ಲ ಅಂತ ಕೇಳಿದ್ದೆವು. ಎಲ್ಲ ವಲಸಿಗರ ಜಗಳ ಅಂತಾನೆ. ಒಂದೇ ಯುರೋಪಿಯನ್ ಒಕ್ಕೂಟದವರಿಗೆ ಎಂಥ ಜಗಳ? ಅವನಿಗೇನಾದರೂ ತೊಂದರೆ ಆಗುತ್ತಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ಜರ್ಮನಿ 2024ರ ಸೆಪ್ಟೆಂಬರ್‌ನಿಂದ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿತು. ಜರ್ಮನಿ ವಲಸಿಗರನ್ನು ತಮ್ಮ ಕಡೆಗೆ ವಾಪಸ್ ಕಳಿಸುತ್ತಿದೆ ಅಂತ ಪೋಲೆಂಡ್‌ನಲ್ಲಿ ಸಿಟ್ಟೆದ್ದಿತು. 2025ರ ಜುಲೈ 7ರಿಂದ ಅವರೂ ತಪಾಸಣೆ ಶುರುಮಾಡಿದರು.

ಈ ಜಗಳದ ಬೇರು ಹಳೆಯದು. 1985ರಲ್ಲಿ ಲಕ್ಸೆಂಬರ್ಗ್‌ನ ಷೆಂಗೆನ್ ಎಂಬ ಪುಟ್ಟ ಊರಿನಲ್ಲಿ ಐದು ದೇಶಗಳು ಒಪ್ಪಂದ ಮಾಡಿಕೊಂಡವು: ನಮ್ಮ ನಮ್ಮ ನಡುವಿನ ಬಾಗಿಲು ತೆಗೆಯೋಣ, ಹೊರಬಾಗಿಲನ್ನು ಭದ್ರ ಮಾಡೋಣ. ಆದರೆ ಹೊರಬಾಗಿಲು ಎಲ್ಲರ ಪಾಲಿಗೂ ಒಂದೇ ಸಮ ಬರಲಿಲ್ಲ. ಈಗ ಸಮುದ್ರದ ಕಡೆಯ ಬಾಗಿಲು ಇಟಲಿ, ಗ್ರೀಸ್, ಸ್ಪೇನ್ ಪಾಲಿಗಿದೆ. ಜರ್ಮನಿಯ ಸುತ್ತ ಬರೀ ಷೆಂಗೆನ್ ದೇಶಗಳೇ.

ಅದರ ಮೇಲೆ 1990ರಲ್ಲಿ ಡಬ್ಲಿನ್ ನಿಯಮ ಬಂತು. ಆಶ್ರಯ ಬೇಡುವವರ ಅರ್ಜಿಯನ್ನು ಸಾಮಾನ್ಯವಾಗಿ ಅವರು ಮೊದಲು ಕಾಲಿಟ್ಟ ದೇಶವೇ ನೋಡಿಕೊಳ್ಳಬೇಕು. ಅಂದರೆ ದೋಣಿ ಯಾರ ದಡ ಮುಟ್ಟಿತೋ ಅವರದ್ದೇ ಹೊಣೆ. ಇದು ಮೊದಲಿನಿಂದಲೂ ಅನ್ಯಾಯದ ನಿಯಮ ಅಂತಲೇ ನನ್ನ ಅಭಿಪ್ರಾಯ. 2013ರ ಅಕ್ಟೋಬರ್ 3ರಂದು ಇಟಲಿಯ ಲ್ಯಾಂಪೆದೂಸಾ ದ್ವೀಪದ ಹತ್ತಿರ ಒಂದು ದೋಣಿ ಮುಳುಗಿ 360ಕ್ಕೂ ಹೆಚ್ಚು ಜನ ಸತ್ತರು. ಶವಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದ ಚಿತ್ರ ನೋಡಿದವರು ಮರೆಯಲಾರರು. ಆ ದ್ವೀಪದ ಬೆಸ್ತರೇ ನೀರಿನಿಂದ ಎಷ್ಟೋ ಜನರನ್ನು ಎತ್ತಿದರು. ಬಂದವರನ್ನು ಹಂಚಿಕೊಳ್ಳುವ ಮಾತು ಬಂದಾಗ ಮಾತ್ರ ಬೇರೆ ದೇಶಗಳು ಹಿಂದೆ ಸರಿದವು.

2015ರಲ್ಲಿ ಜರ್ಮನಿಗೇ ಸುಮಾರು 8.9 ಲಕ್ಷ ಜನ ಬಂದರು. ಬಹಳಷ್ಟು ಜನ ಸಿರಿಯಾದ ಯುದ್ಧದಿಂದ ಓಡಿಬಂದವರು. ಇಟಲಿ, ಗ್ರೀಸ್‌ನಿಂದ 1.6 ಲಕ್ಷ ಜನರನ್ನು ಎಲ್ಲ ದೇಶಗಳೂ ಹಂಚಿಕೊಳ್ಳೋಣ ಅಂತ ಒಕ್ಕೂಟ ಹೇಳಿತು. ಹಂಗೆರಿ, ಸ್ಲೊವಾಕಿಯಾ, ಚೆಕ್, ರೊಮೇನಿಯಾ ವಿರುದ್ಧವಾಗಿ ಮತ ಹಾಕಿದವು. ಕೊನೆಗೆ ಹಂಚಿಕೆಯಾದದ್ದು ಸುಮಾರು 35 ಸಾವಿರ ಜನ, ಅಷ್ಟೇ.

ಒಳಗೆ ಒಗ್ಗಟ್ಟಿಲ್ಲ ಅನ್ನೋದು ಅಕ್ಕಪಕ್ಕದ ದೇಶಗಳಿಗೂ ಗೊತ್ತಾಯಿತು. ಇದೇ ನನಗೆ ಜಾಸ್ತಿ ಬೇಸರ ತರುವ ಭಾಗ. 2016ರ ಮಾರ್ಚ್‌ನಲ್ಲಿ ಟರ್ಕಿ ಜೊತೆ ಒಪ್ಪಂದವಾಯಿತು: ದೋಣಿಗಳನ್ನು ತಡೆಯಿರಿ, ನಿಮ್ಮಲ್ಲಿರುವ ಸಿರಿಯನ್ನರಿಗಾಗಿ 600 ಕೋಟಿ ಯೂರೊ ಕೊಡುತ್ತೇವೆ. 2020ರಲ್ಲಿ ಮನಸ್ತಾಪ ಬಂದಾಗ ಟರ್ಕಿ ಗ್ರೀಸ್ ಕಡೆಯ ದಾರಿ ಬಿಟ್ಟುಕೊಟ್ಟಿತು. ಮರುವರ್ಷ ಮೊರಾಕ್ಕೊ ಕೂಡ ಹಾಗೇ ಮಾಡಿತು. ಮೊರಾಕ್ಕೊ ತನ್ನದೆನ್ನುವ ಪಶ್ಚಿಮ ಸಹಾರಾ ಪ್ರದೇಶದ ಪ್ರತ್ಯೇಕತಾವಾದಿ ನಾಯಕನಿಗೆ ಸ್ಪೇನ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಟ್ಟಿತ್ತು. ಆ ಸಿಟ್ಟಿಗೆ ಮೊರಾಕ್ಕೊದ ಕಾವಲುಗಾರರು ಸುಮ್ನೆ ನಿಂತರು. ಎರಡೇ ದಿನದಲ್ಲಿ 8 ಸಾವಿರದಷ್ಟು ಜನ ಮೊರಾಕ್ಕೊಗೆ ಅಂಟಿಕೊಂಡಿರುವ ಸ್ಪೇನ್‌ನ ಊರು ಸೆಯುಟಾಗೆ ಬಂದರು. ಎಷ್ಟೋ ಮಕ್ಕಳು ಈಜಿಕೊಂಡು ಬಂದಿದ್ದರು. ಮರುವರ್ಷ ಸ್ಪೇನ್ ಸಹಾರಾ ವಿಷಯದಲ್ಲಿ ಮೊರಾಕ್ಕೊದ ಯೋಜನೆಗೆ ಬೆಂಬಲ ಕೊಟ್ಟಿತು. ಸರ್ಕಾರಗಳ ಹಗ್ಗಜಗ್ಗಾಟದಲ್ಲಿ ಆ ಮಕ್ಕಳು ಹಗ್ಗವಾಗಿದ್ದರು.

2024ರ ಮೇನಲ್ಲಿ ಒಕ್ಕೂಟದ ದೇಶಗಳ ನಡುವಿನ ಹೊಸ ವಲಸೆ ಒಪ್ಪಂದಕ್ಕೆ ಒಪ್ಪಿಗೆ ಸಿಕ್ಕಿತು. ಅದು 2026ರ ಜೂನ್‌ನಿಂದ ಜಾರಿ ಅಂತ ಗೊತ್ತುಮಾಡಿದರು. ಅದರಲ್ಲಿ ವಲಸಿಗರನ್ನು ಕರೆಸಿಕೊಳ್ಳದ ದೇಶ ತಲೆಗೆ 20 ಸಾವಿರ ಯೂರೊ ಕೊಡಬಹುದು, ಇಲ್ಲವೇ ಬೇರೆ ರೀತಿಯ ನೆರವು ನೀಡಬಹುದು. ಮೊದಲು ಕಾಲಿಟ್ಟ ದೇಶದ ನಿಯಮ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿದಿದೆ. ಹಾಗಾಗಿ ಜಗಳ ಬೇಗ ನಿಲ್ಲುತ್ತೆ ಅಂತ ನನಗನ್ನಿಸುವುದಿಲ್ಲ.

ನಿಮ್ಮ ಮಗನ ವಿಷಯಕ್ಕೆ ಗಾಬರಿ ಬೇಡ. ಜರ್ಮನಿಯ ವಾಸದ ಪರವಾನಗಿ ಇದ್ದವರು ಬೇರೆ ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನದವರೆಗೆ ಸುತ್ತಾಡಬಹುದು. ಆದರೆ ಒಂದೇ ದಿನದ ಪ್ರವಾಸವಾದರೂ ಅಸಲಿ ಪಾಸ್‌ಪೋರ್ಟ್ ಮತ್ತು ಪರವಾನಗಿ ಕಾರ್ಡ್ ಎರಡೂ ಜೇಬಿನಲ್ಲಿರಲಿ. ಮೊಬೈಲ್‌ನಲ್ಲಿರುವ ಫೋಟೊ ಸಾಲದು.